ಸದ್ದು ಕಾಯಿಲೈತೆ

೪ ಅಕ್ಟೋಬರ್ ೨೦೦೪, ಸೋಮವಾರ

ಇಂದು ಮಾವ ನನ್ನ ಮುಂದೆ ಒಂದು ಕೋಣೆಯ ಕೆಲಸವನ್ನೂ ಇನ್ನೊಂದು ಕೋಣೆಯ ಆಸೆಯನ್ನೂ ಇಟ್ಟರು. ಕೆಲಸದ ಕೋಣೆ ಈ ಮನೆಯ ಅಟ್ಟದ್ದು. ಆಸೆಯ ಕೋಣೆ ತಿಪಟೂರು ಪೇಟೆಯಲ್ಲಿರುವ ಅವರ ಕೊಬ್ಬರಿ ಮಂಡಿಯ ಬೀದಿ ಬದಿಯದ್ದು. ಅದಕ್ಕೆ ಕಬ್ಬಿಣದ ರೋಲಿಂಗ್ ಬಾಗಿಲಿದೆ, ಎದುರಿಗೇ ಬಸ್ಸುಗಳು ನಿಲ್ಲುತ್ತವೆ, ಬಾಗಿಲ ಮೇಲೆ ಬೋರ್ಡಿಗೆಂದೇ ಬಿಟ್ಟಂತೆ ಆರಡಿ ಗೋಡೆ ಖಾಲಿಯಿದೆ.

ಊಟಕ್ಕೆ ಕುಳಿತಾಗ ಅವರೇ ಮಗಳು ಮೀನಾಳ ಮದುವೆಯ ಮಾತು ತೆಗೆದರು. "ನಮ್ಮ ಮೀನಾನ್ನ ಒಪ್ಕೊಂಡು ಹೋದ್ರಲ್ಲ ಅರಸೀಕೆರೆಯೋರು, ಅವರ ಮನೇಲಿ ಹೋಂ ಥಿಯೇಟರ್ ಐತಂತೆ ಕಣೇ. ಸುತ್ತಲೂ ಸ್ಪೀಕರು. ನಿಶ್ಚಿತಾರ್ಥಕ್ಕೆ ಅವರು ಬರೋ ಹೊತ್ಗೆ ನಮ್ಮ ಅಟ್ಟದ ಮೇಲೂ ಒಂದು ಆಗ್ಬೇಕು. ನಮ್ಮ ಸೊಸೆನೇ ಇಂಜಿನಿಯರು, ಇನ್ಯಾರನ್ನ ಕೇಳಾನ? ಒಂಚೂರೂ ಕೊಂಕಿಲ್ದಂಗೆ ಮಾಡ್ಬುಡು. ಮಂಡಿ ಮುಂದ್ಗಡೆ ರೂಮು ನಿಂದು. ಅಂಗ್ಡಿ ಇಟ್ಕೊ."

"ಬೋರ್ಡು?" ಎಂದು ಕೇಳಿದೆ.

"ಬೋರ್ಡೂ ಹಾಕ್ಸಾನ ಬುಡು."

ತುಮಕೂರಿನ ಕಾಲೇಜಿನಲ್ಲಿ ನಾಲ್ಕು ವರ್ಷವೂ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಮೊದಲಿಗಳಾಗಿದ್ದವಳ ಹೆಸರು ಇದುವರೆಗೆ ಸೂಚನಾ ಫಲಕದ ಟೈಪು ಮಾಡಿದ ಹಾಳೆಯ ಮೇಲಲ್ಲದೆ ಬೇರೆಲ್ಲೂ ಕಂಡಿಲ್ಲ. ಬಣ್ಣದಲ್ಲಿ, ಬೀದಿಗೆ ಮುಖ ಮಾಡಿ, "ಜ್ಯೋತಿಲಕ್ಷ್ಮಿ, ಬಿ.ಇ." ಎಂದು ಅದು ನಿಲ್ಲಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಶೆಟ್ಟಿಕೆರೆಯಲ್ಲಿ ಒಬ್ಬಳೇ ಉಳಿದು ನನ್ನನ್ನು ಈ ಮನೆಗೆ ಕಳುಹಿಸಿದಳು. ಆರು ವರ್ಷಗಳಿಂದ ನಾನು ಇಲ್ಲಿ ಮಾವನ ಹೆಸರಿಗೆ ಅಂಟಿದ "ಗಂಗಾಧರನ ಅಕ್ಕನ ಮಗಳು". ಒಂದು ಬೋರ್ಡು ಆ ಆರು ವರ್ಷಗಳಿಗೆ ಉತ್ತರವಾಗಬಲ್ಲದು.

೧೧ ಅಕ್ಟೋಬರ್, ಸೋಮವಾರ

ಅಟ್ಟವನ್ನು ಅಳೆದೆ. ನಲವತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಮುಂದಿನ ಅರ್ಧ ನನಗೆ. ಹಿಂದಿನ ಅರ್ಧದಲ್ಲಿ ಕಳೆದ ಮಾರ್ಚಿನಲ್ಲಿ ಏರಿಸಿದ ಕಾಯಿ ರಾಶಿ ಬಿದ್ದಿದೆ. ಅದರ ನೀರಿಂಗಿ, ತಿರುಳು ಕರಟದಿಂದ ಬಿಟ್ಟು ಉಂಡೆ ಕೊಬ್ಬರಿಯಾಗಲು ಇನ್ನೂ ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಕಾಯಿಯನ್ನೂ ಕದಲಿಸುವುದಿಲ್ಲ ಎಂದು ಮಾವ ಖಂಡಿತವಾಗಿ ಹೇಳಿದ್ದಾರೆ. ಚಿಂತೆಯಿಲ್ಲ. ನಡುವೆ ಎರಡು ಪದರ ಪ್ಲೈವುಡ್ಡಿನ ಗೋಡೆ ಹಾಕಿಸಿ, ಪದರಗಳ ನಡುವೆ ತೆಂಗಿನ ನಾರು ತುಂಬಿಸುತ್ತೇನೆ. ಸದ್ದು ಆಚೆಗೆ ದಾಟದಿರಲು ಅಷ್ಟು ಸಾಕೆಂದು ಲೆಕ್ಕ ಹೇಳುತ್ತದೆ.

ಅಳೆಯುವಾಗ ಹೊಂಬಾಳಮ್ಮ ಏಣಿ ಹತ್ತಿ ಬಂದಳು. ಮೂವತ್ತು ವರ್ಷಗಳಿಂದ ಈ ಅಟ್ಟದ ಕಾಯಿ ನೋಡಿಕೊಳ್ಳುವವಳು. ರಾಶಿಯಿಂದ ಒಂದೊಂದನ್ನೇ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಕೆಳಗಿಡುತ್ತಾಳೆ. ಅದೇ ಅವಳ ಪರೀಕ್ಷೆ.

"ಏನು ಹೇಳುತ್ತೆ ಹೊಂಬಾಳಮ್ಮ?"

"ಇನ್ನಾ ನೀರೈತೆ, ಮೂಗಾಗವೆ. ಸಂಕ್ರಾಂತಿ ಮುಂದೆ ಮಾತಾಡ್ತಾವೆ ಕಣವ್ವ."

ಕಿವಿ ಒಂದು ಉಪಕರಣವಲ್ಲ. ಅದಕ್ಕೆ ಅಳತೆಯ ಗುರುತಿಲ್ಲ, ಅದು ಕೊಟ್ಟ ಫಲಿತಾಂಶಕ್ಕೆ ದಾಖಲೆಯಿಲ್ಲ. ಈ ತಾಲ್ಲೂಕಿನ ಅರ್ಧ ವ್ಯಾಪಾರ ಅದರ ಮೇಲೆ ನಡೆಯುತ್ತದೆಂಬುದು ತಾಲ್ಲೂಕಿನ ದೌರ್ಭಾಗ್ಯ.

೨೩ ಅಕ್ಟೋಬರ್, ಶನಿವಾರ

ಸ್ಪೀಕರ್‌ಗಳ ಆಯ್ಕೆ ಮುಗಿಯಿತು. ಮಾವನ ಮಗ ಕಾಂತೇಶ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕ್ಯಾಟಲಾಗುಗಳ ಜೊತೆಗೆ ಒಂದು ಜೋಡಿ ಡಬ್ಬಿಗಳನ್ನೂ ತಂದಿದ್ದ. ಮುಂದೆ ಬಣ್ಣದ ದೀಪ, ಮೇಲೆ ಹೊಳೆಯುವ ಚೀಟಿ: ಮೂರು ಸಾವಿರ ವಾಟ್, ಪಿ.ಎಂ.ಪಿ.ಒ., ಅಂದರೆ ಅಂಗಡಿಯವರ ಉಬ್ಬರದ ಲೆಕ್ಕ.

"ಈ ಮನೆಗೆ ಮಂಜೂರಾಗಿರೋದೇ ಎರಡು ಕಿಲೋವಾಟ್. ಇದು ಮೂರು ಸಾವಿರ ವಾಟ್ ಎಲ್ಲಿಂದ ತರುತ್ತೆ, ಪಕ್ಕದ ಮನೆಯಿಂದನಾ?" ಎಂದೆ.

"ಚೀಟಿ ಮೇಲೆ ಬರ್ದವ್ರೆ ಕಣೇ."

"ನೀನೂ ಎರಡು ವರ್ಷ ಇಂಜಿನಿಯರಿಂಗ್ ಓದಿದೀಯಲ್ಲ. ಚೀಟಿ ಓದೋಕೆ ಕಲ್ತಿದ್ದು ಅಲ್ಲೇನಾ?"

ಅವನು ನಕ್ಕು ಡಬ್ಬಿಗಳನ್ನು ತನ್ನ ಕೋಣೆಗೆ ಒಯ್ದ. ಡೊನೇಶನ್ ಸೀಟಿನಲ್ಲಿ ಸೇರಿ, ಎರಡನೆಯ ವರ್ಷ ದಾಟದೆ ಹಿಂದಿರುಗಿದವನಿಗೆ ಅವಮಾನವಾಗುವುದೇ ಇಲ್ಲ. ಆ ಸೌಭಾಗ್ಯ ಎಲ್ಲರಿಗೂ ಇರುವುದಿಲ್ಲ.

ನನ್ನ ಆಯ್ಕೆ: ಮುಂದೆ ಮೂರು, ಪಕ್ಕಗಳಲ್ಲಿ ಎರಡು, ಐದೂ ಒಂದೇ ತಯಾರಿಕೆಯವು, ಐದೂ ಎಂಟು ಓಮ್. ಪಕ್ಕದವು ಕುಳಿತವರ ಕಿವಿಗಿಂತ ಒಂದು ಮೊಳ ಮೇಲೆ, ತುಸು ಹಿಂದಕ್ಕೆ. ಇಂಥ ಸ್ಪೀಕರಿನ ಗುಣವೆಂದರೆ ಅದು ಎಲ್ಲಿದೆಯೆಂದು ಕೇಳುವವರಿಗೆ ಗೊತ್ತಾಗಬಾರದು. ಗಾಳಿ ಬೀಸಿದರೆ ಗಾಳಿ ಬಂತೆನ್ನಬೇಕೇ ಹೊರತು ಡಬ್ಬಿ ಸದ್ದು ಮಾಡಿತೆನ್ನಬಾರದು. ಆಂಪ್ಲಿಫೈಯರ್ ಮಾತ್ರ ಲೆಕ್ಕಕ್ಕಿಂತ ಒಂದು ಪಾಲು ದೊಡ್ಡದಿರಬೇಕು. ಸ್ಪೀಕರನ್ನು ಸುಡುವುದು ಶಕ್ತಿ ಹೆಚ್ಚಾದದ್ದಲ್ಲ. ಶಕ್ತಿಯಿಲ್ಲದ ಆಂಪ್ಲಿಫೈಯರ್ ತನ್ನ ಮಿತಿ ಮೀರಿ ಕೂಗಲು ಹೋದಾಗಲೇ ಅದು ಸುಡುತ್ತದೆ. ಇದನ್ನು ಮಾವನಿಗೆ ವಿವರಿಸಿದೆ. "ಮನುಷ್ರಂಗೇ ಅನ್ನು," ಎಂದು ಎದ್ದು ಕೈ ತೊಳೆಯಲು ಹೋದರು.

೬ ನವೆಂಬರ್, ಶನಿವಾರ

ನನ್ನ ಯೋಜನೆಯಲ್ಲಿ ಮೊದಲ ಕಲಬೆರಕೆ ಇಂದು ಆಯಿತು. ತಂತಿ ಎಳೆಯುವುದಕ್ಕೂ ಮಂದ್ರದ ಸದ್ದಿಗಾಗಿ ಇಡುವ ದೊಡ್ಡ ಸ್ಪೀಕರ್ ಮಾಡಿಸುವುದಕ್ಕೂ ಮಾವ ಜವರಪ್ಪ ಎಂಬ ರೇಡಿಯೋ ರಿಪೇರಿಯವನನ್ನು ಕರೆಸಿದ್ದಾರೆ. ಹಾಸನ ರಸ್ತೆಯಲ್ಲಿ ಅವನದೊಂದು ಗೂಡಂಗಡಿ. ಹಿಂದೆ ಟೆಂಟ್ ಸಿನಿಮಾದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದನಂತೆ. ಈಗ ಕಲ್ಯಾಣ ಮಂಟಪದ ಮೈಕ್ ಕೆಲಸವೇ ಅವನ ಜೀವನ. ರೇಡಿಯೋ ರಿಪೇರಿಗೆ ತರುವವರು ಯಾರಿದ್ದಾರೆ?

ಟೆಂಟ್ ಮುಚ್ಚಿದಾಗ ತಂದಿಟ್ಟುಕೊಂಡ ಹನ್ನೆರಡು ಅಂಗುಲದ ಸ್ಪೀಕರೊಂದನ್ನು ಅವನು ಹೊತ್ತು ತಂದ. ಅದರೊಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಸುಟ್ಟಿತ್ತಂತೆ, ಹೊಸ ತಂತಿ ಸುತ್ತಿ ತಾನೇ ಕಟ್ಟಿದನಂತೆ.

"ಕೈಯಲ್ಲಿ ಸುತ್ತಿದ್ದಾ? ಎಷ್ಟು ಸುತ್ತು, ಎಷ್ಟು ಓಮ್, ಬರೆದಿಟ್ಟಿದ್ದೀಯಾ?" ಎಂದೆ.

"ಬರ್ದಿಲ್ಲ ಮೇಡಮ್ಮೋರೆ. ಕಿವಿಗೆ ಸರಿ ಬರೋಗಂಟ ಸುತ್ತಿದ್ದೀನಿ," ಎಂದು ಬಾಯಿ ತುಂಬಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿದ.

ಇಲ್ಲೂ ಕಿವಿ. ಕಂಪನಿಯದೇ ಬೇಕೆಂದು ನಾನು ಪಟ್ಟು ಹಿಡಿದೆ. ಮಾವ ಒಪ್ಪಲಿಲ್ಲ. "ಅವನ ಟೆಂಟ್‌ನಾಗೆ ಗುಂಡಿನ ಸದ್ದು ಎದೆಗೇ ಬೀಳ್ತಿತ್ತು, ಇರ್ಲಿ ಬುಡು," ಎಂದರು. ಸಂಜೆ ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳು ಓಡುವಾಗ ಮನೆಯ ವೋಲ್ಟೇಜ್ ನೂರಎಪ್ಪತ್ತಕ್ಕೆ ಇಳಿಯುತ್ತದೆ. ಅದಕ್ಕಾಗಿ ನಾನು ಬರೆದುಕೊಟ್ಟ ಸ್ಟೆಬಿಲೈಸರನ್ನು ಮಾತ್ರ ಮರುಮಾತಿಲ್ಲದೆ ತರಿಸಿದರು.

೨೮ ನವೆಂಬರ್, ಭಾನುವಾರ

ಮೊದಲ ಪರೀಕ್ಷೆ. ನಿರ್ದುಷ್ಟ.

ಮಳೆಯ ದೃಶ್ಯವೊಂದನ್ನು ಹಾಕಿದೆ. ಅತ್ತೆ ಎದ್ದು ಕಿಟಕಿ ಮುಚ್ಚಲು ಹೋದರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಡ. ಜವರಪ್ಪನ ಸ್ಪೀಕರೂ ಗುಡುಗಿಗೆ ತಕ್ಕಂತೆ ಗುಡುಗಿತು ಎಂದು ನ್ಯಾಯಕ್ಕಾಗಿ ದಾಖಲಿಸುತ್ತೇನೆ. ಮಾವ ನನ್ನ ಬೆನ್ನು ತಟ್ಟಿ, "ನಮ್ಮ ಸೊಸೆ ಅಂದ್ರೆ ಸುಮ್ನೇನಾ?" ಎಂದರು. ನಾಳೆ ಮಂಡಿಯ ಕೋಣೆಯನ್ನು ಅಳೆಯುತ್ತೇನೆ.

೧೯ ಡಿಸೆಂಬರ್, ಭಾನುವಾರ

ಮೂರು ವಾರ ಮುಚ್ಚಿದ್ದ ಕೋಣೆಯನ್ನು ಇಂದು ತೆರೆದು ಅದೇ ದೃಶ್ಯ ಹಾಕಿದೆ. ಗುಡುಗಿನ ಹಿಂದೆ ಒಂದು ಅಪಸ್ವರ. ಮುರಿದ ಹಲ್ಲುಗಳ ಮುದುಕನೊಬ್ಬ ಗೊಣಗಿದಂತೆ, ಗೊಡಗೊಡ, ಗೊಡಗೊಡ. ಮಂದ್ರದ ಸದ್ದು ಬಂದಾಗ ಮಾತ್ರ ಬರುತ್ತದೆ, ಅದರೊಡನೆಯೇ ನಿಲ್ಲುತ್ತದೆ.

೨೩ ಡಿಸೆಂಬರ್, ಗುರುವಾರ

ತಂತಿಗಳ ಕೀಲು ಬಿಚ್ಚಿ ಬಿಗಿದೆ. ಅರ್ಥಿಂಗ್ ಪರೀಕ್ಷಿಸಿದೆ. ಹೋಗಲಿಲ್ಲ.

೩ ಜನವರಿ ೨೦೦೫, ಸೋಮವಾರ

ಹೆಚ್ಚಾಗಿದೆ. ಸ್ಟೆಬಿಲೈಸರ್ ಬದಲಿಸಿ ನೋಡಿದೆ. ಆಂಪ್ಲಿಫೈಯರನ್ನು ತೆರೆದು ಒಂದೊಂದು ಬೆಸುಗೆಯನ್ನೂ ಭೂತಕನ್ನಡಿಯಲ್ಲಿ ನೋಡಿದೆ. ಐದು ಸ್ಪೀಕರ್‌ಗಳ ಓಮ್ ಅಳೆದೆ. ಎಲ್ಲವೂ ಪುಸ್ತಕದಲ್ಲಿರುವಂತೆಯೇ ಇವೆ. ಪುಸ್ತಕದಲ್ಲಿಲ್ಲದ್ದು ಈ ಕೋಣೆಯಲ್ಲಿ ಒಂದೇ ಒಂದು: ಕೈಯಲ್ಲಿ ಸುತ್ತಿದ ಆ ಕಾಯಿಲ್. ಊಟಕ್ಕೆ ಕುಳಿತಾಗ ಕಾಂತೇಶ, "ಏನ್ ಬಿ.ಇ. ಮೇಡಂ, ನಿನ್ನ ಸ್ಪೀಕರಿಗೆ ಗಂಟ್ಲು ಕಟ್ಟೈತಾ? ಕಷಾಯ ಕುಡ್ಸು," ಎಂದ. ಎಲ್ಲರೂ ನಕ್ಕರು, ಮೀನಾ ಕೂಡ.

ನಿಶ್ಚಿತಾರ್ಥ ಫೆಬ್ರವರಿ ಹದಿಮೂರಕ್ಕೆ ಗೊತ್ತಾಗಿದೆ.

೯ ಜನವರಿ, ಭಾನುವಾರ

ಸತ್ಯ ಹೊರಬಿತ್ತು, ಅದೂ ಅಪರಾಧಿಯ ಬಾಯಿಂದಲೇ.

ಜವರಪ್ಪನನ್ನು ಕರೆಸಲಾಗಿತ್ತು. ಮಾವ, ಕಾಂತೇಶ, ನಾನು ಎದುರಿಗೇ ಇದ್ದೆವು. ಸದ್ದು ಹಾಕಿಸಿ ಅವನು ಬಹಳ ಹೊತ್ತು ಕೇಳಿದ. ಡಬ್ಬಿಯ ಮೇಲೆ ಕೈಯಿಟ್ಟ, ನೆಲದ ಹಲಗೆಗೆ ಕೈಯಿಟ್ಟ, ಪ್ಲೈವುಡ್ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ. ಆಮೇಲೆ ಎಲೆಅಡಿಕೆಯ ಬಾಯಲ್ಲೇ ಮಾವನ ಕಡೆ ತಿರುಗಿ ಹೇಳಿದ:

"ತಂತಿಲಿಲ್ಲ, ಡಬ್ಬಿಲಿಲ್ಲ ಸಾವ್ಕಾರ್ರೆ. ಸದ್ದು ಕಾಯಿಲೈತೆ."

ಕಾಯಿಲ್ ಐತೆ. ತಾನೇ ಕಟ್ಟಿದ ಕಾಯಿಲ್. ನಾನು ಮೊದಲ ದಿನವೇ ಬೇಡವೆಂದಿದ್ದ ಕಾಯಿಲ್.

"ಕೇಳಿದ್ರಲ್ಲ ಮಾವ. ಅವನ ಕೈಕೆಲಸ, ಅವನೇ ಒಪ್ಕೊಂಡ," ಎಂದೆ.

"ನಾನೇನು ಒಪ್ಕಂಡೆ?" ಎಂದು ಅವನು ನನ್ನ ಮುಖ ನೋಡಿದ. ಇನ್ನೇನೋ ಹೇಳಲು ಹೊರಟವನನ್ನು ಮಾವ ಕೈಯೆತ್ತಿ ತಡೆದರು. "ಆಯ್ತು ನಡಿ ಜವರಪ್ಪ. ಸೊಸೆ ಹೇಳಿದ್ಲಲ್ಲ. ನಿನ್ನ ಕೆಲಸ ಸಾಕು."

ಅವನು ಮಾವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೈಚೀಲ ಎತ್ತಿಕೊಂಡು ಏಣಿ ಇಳಿದು ಹೋದ. ತಪ್ಪಿತಸ್ಥರ ಮೌನ ಹೇಗಿರುತ್ತದೆಂದು ಇಂದು ಕಂಡೆ.

ಮೂರನೆಯ ಸೆಮಿಸ್ಟರಿನಲ್ಲಿ ಒಂದೇ ಒಂದು ಅಂಕಕ್ಕಾಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ, ಆ ಅಂಕವನ್ನು ಪಡೆದೇ ತೀರಿದವಳು ನಾನು. ನಾನು ಸರಿಯೆಂದು ನನಗೆ ಗೊತ್ತಿದ್ದಾಗ ಅದನ್ನು ಸ್ಥಾಪಿಸದೆ ಬಿಡುವುದಿಲ್ಲ.

೨೧ ಜನವರಿ, ಶುಕ್ರವಾರ

ಕಲ್ಯಾಣ ಮಂಟಪದ ಮೈಕ್ ಕೆಲಸವನ್ನು ಜವರಪ್ಪನಿಂದ ಬಿಡಿಸಿದ್ದಾರೆ. ಮಂಟಪದ ಸಮಿತಿಯಲ್ಲಿ ಮಾವ ಇದ್ದಾರೆ. "ನಮ್ಮನೆ ಕೆಲಸವೇ ಕೆಡಿಸ್ದ, ಇಂಜಿನಿಯರೇ ಹೇಳವ್ಳೆ" ಎಂದು ಸಭೆಯಲ್ಲಿ ನನ್ನ ಹೆಸರು ಹೇಳಿದರಂತೆ. ನನ್ನ ಹೆಸರು ಒಂದು ಸಭೆಯಲ್ಲಿ ಪ್ರಮಾಣವಾಗಿ ಬಳಕೆಯಾದದ್ದು ಇದೇ ಮೊದಲು.

ಕೆಲಸ ಬಾರದವರ ಕೈಯಿಂದ ಕೆಲಸ ಹೋಗುವುದು ಅನ್ಯಾಯವಲ್ಲ. ಮಾಘಮಾಸದ ಲಗ್ನಗಳು ಮುಂದಿವೆ ಎಂಬುದು ಬೇರೆ ವಿಷಯ.

೨೮ ಜನವರಿ, ಶುಕ್ರವಾರ

ಬೆಂಗಳೂರಿನಿಂದ ಕಂಪನಿಯ ಹೊಸ ಸ್ಪೀಕರ್ ಬಂತು. ಹಳೆಯದನ್ನು ತೆಗೆದು ಜವರಪ್ಪನ ಅಂಗಡಿಗೆ ಕಳುಹಿಸಿ, ಇದನ್ನು ಕೂರಿಸಿದೆ. ಎಲ್ಲರನ್ನೂ ಕರೆದು ಹಾಕಿದೆ.

ಗೊಡಗೊಡ. ಮೊದಲಿಗಿಂತ ಜೋರು.

೧ ಫೆಬ್ರವರಿ, ಮಂಗಳವಾರ

ಬರೆಯಲೇಬೇಕು, ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬಳೇ ಕುಳಿತು ಮಂದ್ರದ ಸದ್ದನ್ನು ಏರಿಸುತ್ತ ಇಳಿಸುತ್ತ ಆವರ್ತನ ಗುರುತು ಮಾಡಿಕೊಳ್ಳುತ್ತಿದ್ದೆ. ಪ್ಲೈವುಡ್ಡಿನ ಆಚೆಯಿಂದ ಹೊಂಬಾಳಮ್ಮ ನಗುವುದು ಕೇಳಿಸಿತು. ಎದ್ದು ಸುತ್ತಿ ಹೋದೆ. ಅವಳು ಕಾಯಿಯ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಒಬ್ಬಳೇ ನಗುತ್ತಿದ್ದಳು.

"ಇನ್ನೊಂದು ಸಲ ಹಾಕು ಮಗಾ. ಇಷ್ಟು ವರ್ಷ ಒಂದೊಂದ್ನೇ ಅಲ್ಲಾಡಿಸಿ ರಟ್ಟೆ ಬಿದ್ದೋಯ್ತು ನಂಗೆ. ನಿನ್ನ ಮಿಸನ್ನು ಎಲ್ಲನೂ ಒಟ್ಗೇ ಮಾತಾಡಿಸ್ತದೆ."

"ಏನು ಮಾತಾಡಿಸ್ತದೆ?"

"ಕಾಯಾ. ಕೊಬ್ಬರಿ ಬುಟ್ಟೈತಲ್ಲ ಕರಟನ. ಕೇಳಾಕಿಲ್ವಾ? ಸದ್ದು ಕಾಯಿಲೈತೆ."

ಕಾಯಿಲೈತೆ. ಕಾಯಿಯಲ್ಲಿ ಐತೆ.

ನಾನು ಅವಳಿಂದ ಅದೇ ಮಾತನ್ನು ಮತ್ತೆ ಹೇಳಿಸಿದೆ. ಮತ್ತೆ ಅದೇ ಮಾತು, ಅದೇ ಉಚ್ಚಾರ. ಒಂದಕ್ಷರದ ವ್ಯತ್ಯಾಸವೂ ಇಲ್ಲ. ಈಚೆ ಬಂದು ಸದ್ದು ಹಾಕಿ, ಓಡಿಹೋಗಿ ರಾಶಿಯ ಮೇಲೆ ಕೈಯಿಟ್ಟೆ. ನೂರಾರು ಕಾಯಿಗಳ ಒಳಗೆ ನೂರಾರು ಕೊಬ್ಬರಿ ಉಂಡೆಗಳು ಅಂಗೈಗೆ ನಡುಗುತ್ತಿದ್ದವು. ಅಟ್ಟದ ಎರಡು ಅರ್ಧಕ್ಕೂ ತೊಲೆಗಳು ಒಂದೇ, ಹಲಗೆಗಳು ಒಂದೇ. ನಾನು ಗೋಡೆಯನ್ನು ಲೆಕ್ಕ ಹಾಕಿದ್ದೆ, ನೆಲವನ್ನು ಹಾಕಿರಲಿಲ್ಲ. ನವೆಂಬರಿನಲ್ಲಿ ಕಾಯಿಯಲ್ಲಿ ನೀರಿತ್ತು, ಆದ್ದರಿಂದ ಸದ್ದಿರಲಿಲ್ಲ. ಆಮೇಲೆ ಅವು ತಮ್ಮಷ್ಟಕ್ಕೆ ಒಣಗಿದವು.

ಜವರಪ್ಪ ಪ್ಲೈವುಡ್ಡಿಗೆ ಅಂಗೈ ಒತ್ತಿದ್ದರು. ಒಂದೇ ಸಲ ಕೇಳಿ ಹೇಳಿದ್ದರು.

೨ ಫೆಬ್ರವರಿ, ಬುಧವಾರ

ಮಾವನಿಗೆ ಹೇಳಬೇಕು.

೪ ಫೆಬ್ರವರಿ, ಶುಕ್ರವಾರ

ಹೇಳಿದೆ; ಆದರೆ ಹೇಳಬೇಕಾದದ್ದನ್ನಲ್ಲ. "ಮಾವ, ಆ ಕಾಯಿ ತೆಗೆಸಿಬಿಟ್ಟರೆ ಒಳ್ಳೇದು. ಧೂಳು ಬರ್ತಿದೆ. ಧೂಳು ಸ್ಪೀಕರ್‌ಗೆ ಆಗಿಬರಲ್ಲ," ಎಂದೆ.

ಅವರು ಪತ್ರಿಕೆಯನ್ನು ಕೆಳಗಿಟ್ಟು ಕನ್ನಡಕದ ಮೇಲಿನಿಂದ ನೋಡಿದರು. "ಧೂಳಿಗಾ?"

"ಹೌದು."

"ಸರಿ. ಹೆಂಗೂ ಕಾಯಿ ಆಗೈತೆ. ನಾಳೆ ಇಳಿಸ್ಬುಡಾನ," ಎಂದು ಮತ್ತೆ ಪತ್ರಿಕೆ ಎತ್ತಿಕೊಂಡರು. ನಗುತ್ತಿದ್ದರೆಂದು ಅನ್ನಿಸಿತು. ಪತ್ರಿಕೆ ಅಡ್ಡವಿತ್ತು.

೬ ಫೆಬ್ರವರಿ, ಭಾನುವಾರ

ಅಟ್ಟ ಖಾಲಿಯಾಯಿತು. ಗುಡುಗು ನಿರ್ದುಷ್ಟವಾಗಿ ಕೇಳಿಸಿತು. ಎಲ್ಲರೂ ಕಾರಣ ಕೇಳಿದರು. ಜವರಪ್ಪ ಅರ್ಥಿಂಗ್ ಕೊಟ್ಟದ್ದೂ ಸರಿಯಿರಲಿಲ್ಲ, ಅದನ್ನು ಸರಿಪಡಿಸಿದೆ ಎಂದೆ. ಮಾತು ತಾನಾಗಿ ಬಂತು. ವಾಕ್ಯ ವ್ಯಾಕರಣಬದ್ಧವಾಗಿತ್ತು.

ನಿಶ್ಚಿತಾರ್ಥ ಮುಗಿಯಲಿ. ಮಂಡಿ ಕೋಣೆಯ ಕೀಲಿ ಕೈಗೆ ಬಂದ ಮೇಲೆ ಎಲ್ಲವನ್ನೂ ಸರಿಪಡಿಸಬಹುದು. ನನ್ನದೇ ಅಂಗಡಿಯೆಂದಾದ ಮೇಲೆ ಕೆಲಸಕ್ಕೆ ಜವರಪ್ಪನವರನ್ನೇ ಕರೆಯಬಹುದು. ಅದೇ ಎಲ್ಲರಿಗೂ ಒಳ್ಳೆಯದು.

೧೦ ಫೆಬ್ರವರಿ, ಗುರುವಾರ

ಹಾಸನ ರಸ್ತೆಯಲ್ಲಿ, ಆ ಗೂಡಂಗಡಿಯ ಮುಂದೆಯೇ ಹೋಗಬೇಕಾಗಿತ್ತು. ಕೋಟೆಯ ದಾರಿಯಾಗಿ ಸುತ್ತಿಕೊಂಡು ಹೋದೆ.

೧೩ ಫೆಬ್ರವರಿ, ಭಾನುವಾರ

ಅರಸೀಕೆರೆಯವರು ಹನ್ನೊಂದು ಜನ ಬಂದಿದ್ದರು. ತಟ್ಟೆ ಬದಲಾಯಿಸಿ, ಊಟವಾದ ಮೇಲೆ ಎಲ್ಲರನ್ನೂ ಅಟ್ಟಕ್ಕೆ ಹತ್ತಿಸಿದರು. ನಾನು ಕತ್ತಲು ಮಾಡಿ ಮಳೆ ಹಾಕಿದೆ. ಹುಡುಗನ ತಾತ ಶ್ರೀರಂಗಯ್ಯನವರು, ಎಂಬತ್ತು ದಾಟಿದವರು, ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಹೊದ್ದುಕೊಂಡರು. ದೀಪ ಹಾಕಿದಾಗ ಎಲ್ಲರೂ ಅವರನ್ನು ನೋಡಿ ನಕ್ಕರು, ಅವರೂ ನಕ್ಕರು.

"ಯಾರ್ ಮಾಡಿದ್ದಪ್ಪ ಇದ್ನ?" ಎಂದು ಕೇಳಿದರು.

ನಾನು ಸೀರೆಯ ಸೆರಗು ಸರಿಮಾಡಿಕೊಂಡೆ.

"ನಮ್ಮ ಕಾಂತೇಶ. ನಮ್ಮ ಸೊಸೆನೂ ಜೊತೆಲಿದ್ಲು," ಎಂದರು ಮಾವ.

"ಓ, ಸೊಸೆ ಮನೇಲೇ ಅವಳೆ ಅನ್ನಿ," ಎಂದು ಅಜ್ಜ ನನಗೂ ಕಾಂತೇಶನಿಗೂ ಒಟ್ಟಿಗೆ ಆಶೀರ್ವಾದದ ಕೈ ಎತ್ತಿದರು.

ಅಕ್ಕನ ಮಗಳೂ ಸೊಸೆಯೇ, ಮಗನ ಹೆಂಡತಿಯೂ ಸೊಸೆಯೇ. ಅಕ್ಟೋಬರಿನಿಂದ ಮಾವ ಆ ಪದವನ್ನು ಎಷ್ಟು ಸಲ ಬಳಸಿದರೆಂದು ಈ ದಿನಚರಿಯನ್ನು ಹಿಂದಕ್ಕೆ ತಿರುವಿ ನೋಡಿದೆ. ನಾನೇ ಬರೆದಿಟ್ಟಿದ್ದೇನೆ, ಪ್ರತಿ ಸಲವೂ.

೧೫ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಮಾವ ಮಂಡಿಯ ಕೋಣೆಯ ಕೀಲಿ ಕೊಟ್ಟರು. ಹೋದಾಗ ಪೇಂಟರು ಏಣಿಯ ಮೇಲಿದ್ದ. ಹಳದಿ ಹಿನ್ನೆಲೆ, ಕೆಂಪು ಅಕ್ಷರ: "ಕಾಂತೇಶ್ ಎಲೆಕ್ಟ್ರಾನಿಕ್ಸ್". ಕೆಳಗೆ ಸಣ್ಣದಾಗಿ, "ಕಲ್ಯಾಣ ಮಂಟಪಗಳಿಗೆ ಮೈಕ್ ಮತ್ತು ಸೌಂಡ್ ಒದಗಿಸಲಾಗುವುದು".

ಒಳಗೆ ಮಂಡಿಯಲ್ಲಿ ಮಾವ ಒಬ್ಬರೇ ಇದ್ದರು.

"ರೂಮು ನಿಂದು ಅಂದಿದ್ರಿ. ಬೋರ್ಡಲ್ಲಿ ನನ್ನ ಹೆಸರಿಲ್ಲ."

"ಗಂಡನ ಹೆಸರು ಬೇರೆ, ಹೆಂಡ್ತಿ ಹೆಸರು ಬೇರೆನಾ? ವೈಶಾಖದಲ್ಲಿ ಒಂದು ಲಗ್ನ ನೋಡಾನ. ನಿಮ್ಮಮ್ಮನ್ನೂ ಕೇಳಿದ್ದೀನಿ. ನೀನು ಒಳಗೆ ಕೂತು ನಡ್ಸು, ಅವನು ಹೊರಗೆ ಓಡಾಡ್ಲಿ. ಮಂಟಪದ ಕೆಲಸ ಆಗ್ಲೇ ಬಂದೈತೆ."

"ಅದು ಜವರಪ್ಪನವರ ಕೆಲಸ."

"ನೀನೇ ತಾನೆ ಬಿಡ್ಸಿದ್ದು?"

ನನ್ನ ದನಿ ಏರಿತು. ಇಷ್ಟು ಹೇಳಿದೆ: ಅವರ ತಪ್ಪೇನೂ ಇರಲಿಲ್ಲ, ಆ ಸದ್ದು ಕಾಯಿಯದು, ನಾನು ಪೇಟೆಯಲ್ಲಿ ನಿಂತು ಎಲ್ಲರಿಗೂ ಹೇಳುತ್ತೇನೆ.

ಮಾವ ಪಕ್ಕದ ಮೂಟೆಯಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ಅದು ಲೊಡಕ್ಕೆಂದಿತು. "ನಲವತ್ತು ವರ್ಷದಿಂದ ಇದೇ ಸದ್ದು ಕೇಳ್ತಾ ಅನ್ನ ಉಣ್ತಿದ್ದೀನಿ. ನಂಗೊತ್ತಾಗಲ್ವೇನೇ? ಮೊದ್ಲನೇ ದಿನವೇ ಗೊತ್ತಾಯ್ತು. ಅವನೂ ನನ್ನೆದುರಿಗೇ ಹೇಳ್ದ. ನೀನು ಏನೋ ಕೇಳಿಸ್ಕೊಂಡೆ. ಸರಿ, ಆಗ್ಲಿ ಅಂದ್ಕೊಂಡೆ. ಕಾಂತೇಶಂಗೂ ಒಂದು ಕೆಲಸ ಬೇಕಿತ್ತು."

"ಗೊತ್ತಿದ್ದೂ..."

"ಆಮೇಲೆ ನೀನು ಬಂದು, ಧೂಳು, ಕಾಯಿ ತೆಗೆಸಿ ಅಂದ್ಯಲ್ಲ. ಅವತ್ತು ಅಂದ್ಕೊಂಡೆ, ಇವಳು ಮನೆ ಮಾತ ಹೊರಗೆ ಬುಡೋಳಲ್ಲ. ಇಂಥೋಳೇ ಬೇಕು ನಮ್ಮನೆಗೆ." ಕಾಯಿಯನ್ನು ಮೂಟೆಯೊಳಕ್ಕೆ ಹಾಕಿ ಕೈ ಒರೆಸಿಕೊಂಡರು. "ಪಾಸಾದೆ ಬುಡು."

ಓದಿ ಬರೆದ ಪರೀಕ್ಷೆಗಳಲ್ಲೆಲ್ಲ ಪ್ರಶ್ನೆಪತ್ರಿಕೆ ನನ್ನ ಎದುರಿಗಿರುತ್ತಿತ್ತು.

೧೭ ಫೆಬ್ರವರಿ, ಗುರುವಾರ

ಇದನ್ನು ಶೆಟ್ಟಿಕೆರೆಯಲ್ಲಿ ಬರೆಯುತ್ತಿದ್ದೇನೆ. ಅಮ್ಮ ಏನೂ ಕೇಳಿಲ್ಲ. ಬಂದವಳ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಅಟ್ಟದ ಮೇಲೆ ನಾಲ್ಕು ಕಾಯವೆ, ಆಗವಾ ನೋಡಿ ಇಳಿಸು," ಎಂದಳು. ಹತ್ತಿ ಒಂದೊಂದನ್ನೇ ಅಲ್ಲಾಡಿಸಿ ನೋಡಿದೆ. ಮೂರು ಆಗಿದ್ದವು. ಒಂದರಲ್ಲಿ ಇನ್ನೂ ನೀರಿತ್ತು. ಅದನ್ನು ಅಲ್ಲೇ ಬಿಟ್ಟು ಇಳಿದೆ.

ಬೆಳಿಗ್ಗೆ ಕೀಲಿಯನ್ನು ಮಾವನ ಮೇಜಿನ ಮೇಲಿಟ್ಟು ಮೊದಲು ಕಲ್ಯಾಣ ಮಂಟಪಕ್ಕೆ ಹೋದೆ. ಮ್ಯಾನೇಜರ್ ದುರ್ಗಯ್ಯನವರಿಗೆ, ತಪ್ಪು ನನ್ನದು, ಜವರಪ್ಪನವರದಲ್ಲ ಎಂದು ಹೇಳಿದೆ. ಬರೆದೂ ಕೊಟ್ಟೆ. ಅವರು ಕಾಗದವನ್ನು ಓದಿ ಹಾಗೆಯೇ ಮಡಿಸಿದರು. "ಈಗ ಕಾಂತೇಶಪ್ಪನಿಗೆ ಕೊಟ್ಟಾಯ್ತಲ್ಲಮ್ಮ. ನಿಮ್ಮದೇ ಅಂಗ್ಡಿ ಅಲ್ವಾ? ನೀವೇ ಹಿಂಗೆ ಬರೆದುಕೊಟ್ರೆ ಸಾವ್ಕಾರ್ರು ಏನಂತಾರೆ? ತಗೊಂಡೋಗಿ," ಎಂದು ಕಾಗದವನ್ನು ನನ್ನ ಕೈಗೇ ಹಿಂದಿರುಗಿಸಿದರು.

ಅಲ್ಲಿಂದ ಹಾಸನ ರಸ್ತೆಗೆ. ಗೂಡಂಗಡಿಯಲ್ಲಿ ಜವರಪ್ಪನವರು ಒಂದು ರೇಡಿಯೋ ಬಿಚ್ಚಿಕೊಂಡು ಕುಳಿತಿದ್ದರು. ಬಾಗಿಲ ಪಕ್ಕದಲ್ಲಿ ಆ ಹನ್ನೆರಡು ಅಂಗುಲದ ಸ್ಪೀಕರ್ ಮುಖ ಗೋಡೆಗೆ ಮಾಡಿ ನಿಂತಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವರು ಬೆಸುಗೆಯ ಕಡ್ಡಿಯನ್ನು ಕೆಳಗಿಡಲಿಲ್ಲ.

"ಕಾಯಿಲೈತೆ ಅಂದೆ ನಾನು. ನೀವು ಏನಂತ ಕೇಳಿಸ್ಕಂಡ್ರಿ?"

"ಕಾಯಿಲ್ ಐತೆ ಅಂತ."

ಅವರು ನಕ್ಕರು, ಸದ್ದಿಲ್ಲದೆ. "ನಿಮ್ಮ ಮಾವ್ನೋರಿಗೆ ಗೊತ್ತಾಗಿತ್ತು. ಅವರ ಮುಖ ನೋಡ್ದೆ, ಗೊತ್ತಾಯ್ತು. ನೀವೂ ಗೊತ್ತಿದ್ದೇ ಹೇಳ್ತಿದ್ದೀರಿ ಅಂದ್ಕಂಡೆ. ಮನೆಯೋರೆಲ್ಲ ಒಂದಾಗಿ ಕಳಿಸ್ತಾವ್ರೆ, ಇನ್ನೇನು ಮಾತಾಡದು ಅಂತ ಇಳಿದ್ಬುಟ್ಟೆ." ಬೆಸುಗೆಯ ಕಡ್ಡಿಯನ್ನು ಒರೆಸುತ್ತ ಕೇಳಿದರು, "ಹಂಗಾದ್ರೆ ನಿಮಗೆ ಗೊತ್ತಿರ್ಲಿಲ್ಲ."

"ಇರಲಿಲ್ಲ."

"ಯಾವತ್ತು ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಎಂದಿದ್ದರೆ ಸಾಕಿತ್ತು. "ಈ ತಿಂಗಳು ಒಂದನೇ ತಾರೀಕು," ಎಂದೆ.

ಗೋಡೆಯ ಮೇಲೆ ಗೊಬ್ಬರದಂಗಡಿಯ ಕ್ಯಾಲೆಂಡರು ತೂಗುತ್ತಿತ್ತು. ಜವರಪ್ಪನವರು ಎದ್ದು ಹೋಗಿ ಒಂದನೆಯ ತಾರೀಕಿನ ಮೇಲೆ ಬೆರಳಿಟ್ಟು, ಒಂದೊಂದು ಮನೆಯನ್ನೂ ದಾಟಿಸುತ್ತ ಇವತ್ತಿನವರೆಗೆ ಎಣಿಸಿದರು. ನಡುವೆ ನಾಲ್ಕು ಲಗ್ನದ ದಿನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಅಳಿಸಿದ್ದು ಕಾಣುತ್ತಿತ್ತು.

"ಹದಿನಾರು ದಿನ," ಎಂದರು.

ಕುಳಿತು ರೇಡಿಯೋವನ್ನು ಹತ್ತಿರಕ್ಕೆ ಎಳೆದುಕೊಂಡರು. ಹೋಗೆಂದೂ ಇರೆಂದೂ ಹೇಳದಿದ್ದುದರಿಂದ ಶೆಟ್ಟಿಕೆರೆಯ ಬಸ್ಸು ಹಾರ್ನ್ ಮಾಡುವವರೆಗೆ ನಿಂತಿದ್ದೆ.

ಹದಿನಾರು. ಇದಕ್ಕೆ ಮರುಮೌಲ್ಯಮಾಪನವಿಲ್ಲ.